ಬೋರ್ಡೋ ದ್ರಾವಣ ಹುಟ್ಟಿದ ಊರಿಗೆ ಹೋಗಿಬಂದೆ: ದ್ರಾಕ್ಷಿ ತೋಟ, ವೈನರಿ ನೋಡುವವರಿಗೆ ಒಂದಿಷ್ಟು ಮಾತು

ಶಿರಸಿ ತೋಟಿಗ

ಎಲ್ಲರಿಗೂ ನಮಸ್ಕಾರ. ನಾನು ಅಡಿಕೆ ಬೆಳೆಗಾರ. ಮಗಳು ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾನು, ನಮ್ಮನೆಯವಳು ಅವಳ ಹತ್ತಿರ ಹೋಗಿದ್ದೆವು. "ಅಪ್ಪಾ, ಮೊದಲು ಪ್ಯಾರಿಸ್ ನೋಡೋಣ" ಅಂದಳು. ಪ್ಯಾರಿಸ್ ಆಮೇಲೆ ಮಗಾ, ಮೊದಲು ಬೋರ್ಡೋ ಅಂದೆ.

ಕಾರಣ ತೋಟ ಇದ್ದವರಿಗೆಲ್ಲ ಗೊತ್ತಾಗುತ್ತದೆ. ನಲವತ್ತು ಮಳೆಗಾಲ ಬೋರ್ಡೋ ಕಲಸಿದ ಕೈ ಇದು. ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ನಮ್ಮಜ್ಜ ಹೊಡೆಸಿದ್ದೂ ಅದೇ, ನಾನು ಹೊಡೆಸುತ್ತಿರುವುದೂ ಅದೇ. ಅದು ಒಂದು ಊರಿನ ಹೆಸರು ಅಂತ ಗೊತ್ತಿತ್ತು. ಆ ಊರಿನ ಮಣ್ಣು ತುಳಿಯುತ್ತೇನೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. 1870ರ ದಶಕದ ಕೊನೆಗೆ ಅಮೆರಿಕದ ದ್ರಾಕ್ಷಿ ಬಳ್ಳಿಗಳ ಜೊತೆ ಡೌನಿ ಎಂಬ ದ್ರಾಕ್ಷಿ ರೋಗ ಫ್ರಾನ್ಸಿಗೆ ಬಂತು. ಎಲೆ ಸುಟ್ಟಂತಾಗಿ ಉದುರುತ್ತಿತ್ತು. 1882ರ ಅಕ್ಟೋಬರ್‌ನಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಸ್ಯಾಂ ಜೂಲಿಯಾಂ ಎಂಬಲ್ಲಿ ನಡೆದು ಹೋಗುತ್ತಿದ್ದರು. ತೋಟದ ಒಳಗೆಲ್ಲ ಎಲೆ ಬೋಳು. ದಾರಿ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ನಿಂತಿತ್ತು! ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಬಳಿದಿದ್ದರಂತೆ. ನೀಲಿ ಬಣ್ಣ ನೋಡಿದರೆ ವಿಷ ಅಂತ ಹೆದರಲಿ ಎಂಬ ಲೆಕ್ಕ. ಮೂರು ವರ್ಷ ಪರೀಕ್ಷೆ ಮಾಡಿ 1885ರಲ್ಲಿ ಮಿಲಾರ್ಡೆ ಅದನ್ನು ಪ್ರಕಟಿಸಿದರು. ಅದು ನಮ್ಮ ಕಡೆ ಅಡಿಕೆಗೆ ಬಂದದ್ದು ಕೋಲ್‌ಮನ್ ಸಾಹೇಬರಿಂದ. ಕೆನಡಾದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದವರು. ಕೊಳೆರೋಗದ ಬಗ್ಗೆ 1910ರಲ್ಲೇ ವರದಿ ಬರೆದು ಇದನ್ನು ಹೊಡೆಯಿರಿ ಅಂದರು. ದ್ರಾಕ್ಷಿಯ ಡೌನಿ, ಅಡಿಕೆಯ ಕೊಳೆ ಎರಡಕ್ಕೂ ಕಾರಣ ಒಂದೇ ಗುಂಪಿನ ಶಿಲೀಂಧ್ರದಂಥ ಜೀವಿಗಳು, ದೂರದ ದಾಯಾದಿಗಳು. ಅಲ್ಲಿ ಕಳ್ಳರಿಗೆ ಬಳಿದದ್ದು ಇಲ್ಲಿ ನಮ್ಮ ಅಡಿಕೆ ಕೊನೆ (ಗೊನೆ) ಉಳಿಸಿತು.

ಬೋರ್ಡೋದ ಉತ್ತರಕ್ಕೆ ಮೆಡೋಕ್ ಅಂತ ಪ್ರದೇಶ. ಒಂದು ಕಡೆ ಜಿರೋಂದ್ ಅಳಿವೆ, ನಮ್ಮ ಅಘನಾಶಿನಿ ಅಳಿವೆಯ ಎಷ್ಟೋ ಪಟ್ಟು ದೊಡ್ಡದು. ಇನ್ನೊಂದು ಕಡೆ ಪೈನ್ ಕಾಡು. ನಡುವೆ ಬರೀ ದ್ರಾಕ್ಷಿ. ಮಾರ್ಗೋ, ಸ್ಯಾಂ ಜೂಲಿಯಾಂ, ಪೊಯಾಕ್ ಅಂತ ಊರು ಬರುತ್ತಲೇ ಇರುತ್ತದೆ. ನನಗೆ ಅರಮನೆಗಳಂಥ ಆ ಶಾತೋ (ವೈನ್ ಮಾಡುವ ತೋಟದ ಮನೆ) ಕಟ್ಟಡಗಳಿಗಿಂತ ನೆಲವೇ ವಿಚಿತ್ರ ಕಂಡಿತು. ಮಣ್ಣೇ ಇಲ್ಲ! ಮುಷ್ಟಿ ತುಂಬ ಎತ್ತಿದರೆ ಹೊಳೆಯ ನುಣುಪು ಕಲ್ಲು. ನಾವು ತೋಟಕ್ಕೆ ಬೆಟ್ಟದ ಸೊಪ್ಪು, ಗೊಬ್ಬರ ಹಾಕಿ ಹಾಕಿ ನೆಲ ಕಪ್ಪು ಮಾಡುತ್ತೇವೆ. ಅವರು ಜಲ್ಲಿಯಲ್ಲಿ ಬೆಳೆಯುತ್ತಾರೆ. ನೀರು ನಿಲ್ಲುವುದಿಲ್ಲ, ಹಗಲು ಕಾದ ಕಲ್ಲು ರಾತ್ರಿ ಬಿಸಿ ಕೊಡುತ್ತದೆ, ಬೇರು ಆಳಕ್ಕೆ ಹೋಗುತ್ತದೆ ಅಂತ ನಾವು ಹೋದ ತೋಟದ ಮೇಲ್ವಿಚಾರಕ ವಿವರಿಸಿದ.

"ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತೀರಿ?" ಅಂತ ಕೇಳಿದೆ. ಮಗಳು ಅನುವಾದ ಮಾಡಿದಳು. ಬಿಡುವುದೇ ಇಲ್ಲವಂತೆ. ಅಲ್ಲಿನ ಕಾನೂನಿನಲ್ಲಿ ಈ ತೋಟಗಳಿಗೆ ನೀರಾವರಿ ಸಾಮಾನ್ಯವಾಗಿ ನಿಷೇಧ. ಮಳೆ ವರ್ಷಕ್ಕೆ 900 ಮಿಲಿಮೀಟರ್ ಆಸುಪಾಸು, ಅದೂ ವರ್ಷಪೂರ್ತಿ ಹಂಚಿ ಬೀಳುತ್ತದೆ. ಸಾಲಿನಿಂದ ಸಾಲಿಗೆ ಒಂದು ಮೀಟರ್, ಗಿಡದಿಂದ ಗಿಡಕ್ಕೆ ಒಂದು ಮೀಟರ್. ಎಕರೆಗೆ ನಾಲ್ಕು ಸಾವಿರ ಗಿಡ. ನಮ್ಮದು ಒಂಬತ್ತು ಅಡಿ ಲೆಕ್ಕದಲ್ಲಿ ಐನೂರ ನಲವತ್ತು ಮರ! ಸಾಲಿನ ನಡುವೆ ಟ್ರ್ಯಾಕ್ಟರ್ ಹೋಗಲು ಜಾಗ ಇಲ್ಲ. ಹಾಗಾಗಿ ಸಾಲಿನ ಮೇಲೇ ಕಾಲು ಅಗಲಿಸಿ ನಿಂತಂತೆ ಹೋಗುವ ಎತ್ತರದ ಟ್ರ್ಯಾಕ್ಟರ್.

ಆ ಟ್ರ್ಯಾಕ್ಟರಿನ ಕಾಲಿಗೆ ನೀಲಿ ಅಂಟಿತ್ತು. ನನಗೆ ಗುರುತು ಸಿಗದ ಬಣ್ಣವೇ ಅದು? ಫೋನಿನಲ್ಲಿ, ಅಡಿಕೆ ಮರ ಹತ್ತುವ ನಮ್ಮ ಕೊನೆಗೌಡ ಮರದ ತುದಿಯಲ್ಲಿ ಮದ್ದು ಹೊಡೆಯುವ ಫೋಟೋ ತೋರಿಸಿದೆ. ಮೇಲ್ವಿಚಾರಕ ಫೋನ್ ಇಸಿದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಟೇಸ್ಟಿಂಗ್ ಕೋಣೆಗೆ ಹೋಗುವ ಬದಲು ಶೆಡ್ಡಿಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ತಾಮ್ರದ ಮದ್ದಿನ ಚೀಲ. ಈಗ ಅಲ್ಲಿ ರೆಡಿಮೇಡ್ ಪುಡಿ, ನೀರಿಗೆ ಹಾಕಿದರೆ ಸಾಕು. ನಾವು ಕಲಸಿದ ಮೇಲೆ ಚಾಕು ಅದ್ದಿ ನೋಡುತ್ತೇವೆ, ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಯಿತು ಅಂತ ಲೆಕ್ಕ. ಇದನ್ನು ಕೈಸನ್ನೆಯಲ್ಲಿ ತೋರಿಸಿದೆ. ತನ್ನ ಅಜ್ಜನೂ ಹಾಗೇ ನೋಡುತ್ತಿದ್ದ ಅಂದ. ನನಗೆ ಕಣ್ಣು ತುಂಬಿ ಬಂತು.

ವೈನ್ ಪ್ರದೇಶಕ್ಕೆ ಹೋಗುವವರಿಗೆ ನನ್ನ ಒಂದೇ ಮಾತು. ಗ್ಲಾಸಿನಿಂದ ಶುರು ಮಾಡಬೇಡಿ, ಗಿಡದಿಂದ ಶುರು ಮಾಡಿ. ಪ್ರಶ್ನೆ ಇದ್ದರೆ ಕೇಳಿ.

ದೊಡ್ಡಬಳ್ಳಾಪುರ ದ್ರಾಕ್ಷಿ

ತೋಟಿಗರೇ, ಓದಿ ಖುಷಿಯಾಯಿತು. ಎಕರೆಗೆ ನಾಲ್ಕು ಸಾವಿರ ಗಿಡ ಅಂದರೆ ನಂಬಲಿಕ್ಕೇ ಆಗುತ್ತಿಲ್ಲ. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರದಲ್ಲಿ ಒಂದೊಂದು ಬಳ್ಳಿಗೂ ಎಷ್ಟು ಜಾಗ ಬಿಡ್ತೀವಿ!

ಫ್ರಾನ್ಸಿಗೆ ಹೋಗಲಾಗದವರು ನಂದಿ ಬೆಟ್ಟದ ಬುಡಕ್ಕೆ ಬನ್ನಿ. ಗ್ರೋವರ್‌ನವರು 1988ರಲ್ಲೇ ಇಲ್ಲಿ ಫ್ರೆಂಚ್ ತಳಿ ಹಾಕಿದರು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಅವರೇ ಸಲಹೆಗಾರರಾಗಿದ್ದರು. ಅದೇ ರಸ್ತೆಯಲ್ಲಿ ನಮ್ಮ ಚಪ್ಪರಗಳೂ ಇವೆ. ಚಪ್ಪರದ ದ್ರಾಕ್ಷಿ, ತಂತಿ ಸಾಲಿನ ದ್ರಾಕ್ಷಿ ಎರಡನ್ನೂ ಒಂದೇ ದಿನ ನೋಡಬಹುದು. ಬೆಂಗಳೂರು ಬ್ಲೂ ತಿಂದು ನೋಡಿ, ಸಿಪ್ಪೆ ಜಾರಿ ಬರುತ್ತೆ, ಘಮ ಕೈಯಲ್ಲೇ ಉಳಿಯುತ್ತೆ. ಪಕ್ಕದ ತೋಟದ ಕಾಬರ್ನೆ ಅನ್ನೋ ವೈನ್ ದ್ರಾಕ್ಷಿ ತಿಂದರೆ ಬಟಾಣಿಯಷ್ಟೇ ಕಾಳು, ತುಂಬ ಬೀಜ, ದಪ್ಪ ಸಿಪ್ಪೆ. ಕೆಂಪು ವೈನಿನ ಬಣ್ಣವೆಲ್ಲ ಆ ಸಿಪ್ಪೆಯದು. ಜನವರಿ ಕೊನೆಯಿಂದ ಮಾರ್ಚ್ ಒಳಗೆ ಬಂದರೆ ಕೊಯ್ಲು ಸಿಗುತ್ತೆ. ಮಳೆಗಾಲದಲ್ಲಿ ಬಂದು "ಹಣ್ಣೇ ಇಲ್ಲ" ಅನ್ನೋರು ಜಾಸ್ತಿ.

ಬೆನ್ನಿಗೊಂದು ಚೀಲ

ಸರ್, ಅದ್ಭುತ. ಸೆಪ್ಟೆಂಬರ್‌ನಲ್ಲಿ ಹೋಗುವ ಯೋಚನೆ ಇದೆ. ಕಾರು ಬೇಕೇ ಬೇಕಾ? ಒಂದು ದಿನಕ್ಕೆ ಎಷ್ಟು ವೈನರಿ ನೋಡಬಹುದು? ನಾಲ್ಕೈದು ಅಂತ ಪ್ಲ್ಯಾನ್ ಹಾಕಿದ್ದೇನೆ.

ತುಲೂಸ್ ಕನ್ನಡತಿ

ನಾನು ತೋಟಿಗರ ಮಗಳು. ಬುಕಿಂಗ್ ಎಲ್ಲ ನಾನೇ ಮಾಡಿದ್ದು, ಹಾಗಾಗಿ ಇದಕ್ಕೆ ನಾನೇ ಉತ್ತರ ಕೊಡ್ತೀನಿ.

ಕಾರು ಬೇಡ. ತುಲೂಸ್‌ನಿಂದ ಬೋರ್ಡೋಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಮಾರ್ಗೋ, ಪೊಯಾಕ್ ಕಡೆಗೆ ಲೋಕಲ್ ರೈಲು ಇದೆ. ಆದರೆ ಆ ರೈಲುಗಳು ಕಡಿಮೆ, ವಾಪಸ್ ಬರುವ ರೈಲಿನ ಸಮಯ ಮೊದಲೇ ನೋಡಿಕೊಳ್ಳಿ. ಸ್ಯಾಂತ್ ಎಮಿಲಿಯೋಂ ಅನ್ನೋ ಇನ್ನೊಂದು ವೈನ್ ಊರಿಗೆ ಬೋರ್ಡೋದಿಂದ ಮುಕ್ಕಾಲು ಗಂಟೆಯೂ ಬೇಡ, ಸ್ಟೇಷನ್ನಿಂದ ಊರಿಗೆ ತೋಟಗಳ ನಡುವೆ ನಡೆದೇ ಹೋಗಬಹುದು. ಆ ನಡಿಗೆ ತಪ್ಪಿಸಬೇಡಿ. ಕಾರು ತೆಗೆದುಕೊಂಡರೆ ಓಡಿಸುವವರು ಕುಡಿಯಲೇಬಾರದು, ಅಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ಮುಟ್ಟಿದರೆ ಕೇಸು.

ದಿನಕ್ಕೆ ಎರಡು ವೈನರಿ ಸಾಕು, ಮೂರು ಜಾಸ್ತಿಯಾಯ್ತು. ಮೊದಲೇ ಬುಕ್ ಮಾಡಿ. ಸುಮ್ನೆ ಗೇಟಿಗೆ ಹೋಗಿ ನಿಂತರೆ ದೊಡ್ಡ ಶಾತೋಗಳಲ್ಲಿ ಒಳಗೆ ಬಿಡೋದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಸಮಯ, ಆಗ ಎಷ್ಟೋ ಕಡೆ ಭೇಟಿ ನಿಲ್ಲಿಸ್ತಾರೆ. ಮೇ ತಿಂಗಳಲ್ಲಿ 1, 8, ಆಮೇಲೆ ಒಂದು ಗುರುವಾರ ಸರಕಾರಿ ರಜೆ ಬರುತ್ತೆ, ಅದನ್ನೂ ನೋಡಿಕೊಳ್ಳಿ. ನಮಗೆ ಒಂದು ಕಡೆ ಹೀಗಾಯ್ತು: ರೈಲು ತಡವಾಗಿ ಇಪ್ಪತ್ತು ನಿಮಿಷ ಲೇಟಾಗಿ ಹೋದೆವು. ಬಾಗಿಲಲ್ಲೇ ತಡೆದರು, ದುಡ್ಡೂ ವಾಪಸ್ ಬರಲಿಲ್ಲ. ಅಮ್ಮ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದಿದ್ದರು. ನನಗೆ ತುಂಬಾ ಬೇಜಾರಾಯ್ತು. ತಡವಾಗುತ್ತೆ ಅನ್ನಿಸಿದ ಕೂಡಲೇ ಫೋನ್ ಮಾಡಿಬಿಡಿ.

ದೊಡ್ಡ ಹೆಸರಿನ ಹಿಂದೆ ಬೀಳಬೇಡಿ ಅಂತ ನನ್ನ ಅಭಿಪ್ರಾಯ. ಅಪ್ಪ ಹೇಳಿದ ಶೆಡ್ಡು ಒಂದು ಸಣ್ಣ ಕುಟುಂಬದ ತೋಟದ್ದು. ಹೆಸರುವಾಸಿ ಜಾಗಗಳಲ್ಲಿ ಗೈಡ್ ಚೆನ್ನಾಗಿ ಮಾತಾಡ್ತಾರೆ, ಆದರೆ ಟ್ರ್ಯಾಕ್ಟರ್ ಓಡಿಸುವವರು ಮಾತಿಗೆ ಸಿಗೋದಿಲ್ಲ.

ಸೋಂದಾ ಗೃಹಿಣಿ

ತೋಟಿಗರೇ, ಒಂದು ಸಣ್ಣ ಪ್ರಶ್ನೆ. ನಮ್ಮ ಮನೇಲಿ ಯಾರೂ ಕುಡಿಯೋದಿಲ್ಲ. ನಿಮ್ಮನೆ ಅಕ್ಕನೂ ಕುಡಿಯೋರಲ್ಲ ಅಂತ ಕಾಣ್ತದೆ. ಅಂಥವರು ಹೋದರೆ ಮುಜುಗರ ಆಗ್ತದಾ? ಮತ್ತೆ ವೈನ್ ಅಂದರೆ ಬರೀ ದ್ರಾಕ್ಷಿ ರಸವೇ ಅಲ್ವಾ, ಸಸ್ಯಾಹಾರ ಅಂತಲೇ ಲೆಕ್ಕವಾ?

ಶಿರಸಿ ತೋಟಿಗ

ಅಕ್ಕಾ, ಮುಜುಗರ ಏನೂ ಇಲ್ಲ. ನಮ್ಮನೆಯವಳು ಒಂದು ತೊಟ್ಟೂ ಮುಟ್ಟಲಿಲ್ಲ, ಎರಡು ಕಡೆ ಅವಳಿಗೆ ದ್ರಾಕ್ಷಿ ರಸ ಕೊಟ್ಟರು. ಟೇಸ್ಟಿಂಗ್‌ನಲ್ಲಿ ಉಗುಳಲಿಕ್ಕೆ ಅಂತಲೇ ಪಾತ್ರೆ ಇಟ್ಟಿರುತ್ತಾರೆ. ಅಲ್ಲಿಯ ತಜ್ಞರೇ ಬಾಯಿ ಮುಕ್ಕಳಿಸಿ ಉಗುಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ನಾನೂ ಹಾಗೇ ಮಾಡಿದೆ.

ಸಸ್ಯಾಹಾರದ ಪ್ರಶ್ನೆ ಬಹಳ ಒಳ್ಳೆಯದು. ನಾನೂ ಕೇಳಿದ್ದೆ. ಕೆಂಪು ವೈನ್ ತಿಳಿಯಾಗಿಸಲು ಬೋರ್ಡೋದಲ್ಲಿ ಹಿಂದಿನಿಂದಲೂ ಮೊಟ್ಟೆಯ ಬಿಳಿ ಹಾಕುತ್ತಾರೆ. 225 ಲೀಟರಿನ ಒಂದು ಪೀಪಾಯಿಗೆ ಐದಾರು ಮೊಟ್ಟೆಯದ್ದು. ಅದು ಒಗರನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಉಳಿದ ಹಳದಿಯಿಂದಲೇ ಅಲ್ಲಿಯ ಕನೆಲೆ ಎಂಬ ಸಿಹಿ ತಿಂಡಿ ಹುಟ್ಟಿತು ಅಂತ ಊರವರು ಹೇಳುತ್ತಾರೆ. ಈಗ ಕೆಲವರು ಬಟಾಣಿಯ ಪ್ರೋಟೀನ್ ಬಳಸುತ್ತಾರೆ, ಬಾಟಲಿ ಮೇಲೆ ವೀಗನ್ ಅಂತ ಬರೆದಿರುತ್ತದೆ. ಕೇಳಿದರೆ ಬಿಚ್ಚುಮನಸ್ಸಿನಿಂದ ಹೇಳುತ್ತಾರೆ.

ರುಚಿ ಬಗ್ಗೆ ಒಂದು ಮಾತು. ಮೊದಲ ಗುಟುಕು ಬಾಯಿಗೆ ಹಾಕಿದಾಗ ನಾಲಿಗೆ, ಒಸಡು ಎಲ್ಲ ಹಿಡಿದುಕೊಂಡಿತು. ಮಗಳು "ಟ್ಯಾನಿನ್ ಅಪ್ಪಾ" ಅಂದಳು. ನನಗೆ ಅದು ಚೊಗರು! ಅಡಿಕೆ ಬೇಯಿಸುವ ಹಂಡೆಯ ಚೊಗರು ಬೆರಳಿಗೆ ಹಚ್ಚಿ ನೆಕ್ಕಿದರೆ ಹೇಗಿರುತ್ತದೋ ಅದೇ. ಚೊಗರು ಹದವಾಗಿದ್ದರೆ ಅಡಿಕೆಗೆ ಬಣ್ಣ, ಹೊಳಪು. ವೈನಿಗೂ ಹಾಗೇ, ಒಗರು ಇದ್ದರೇ ಅದು ಹತ್ತಿಪ್ಪತ್ತು ವರ್ಷ ತಾಳುತ್ತದೆ. ಕಾಬರ್ನೆಯಲ್ಲಿ ಒಗರು ಜಾಸ್ತಿ, ಮೆರ್ಲೋ ತಳಿ ಸ್ವಲ್ಪ ಮೆತ್ತಗೆ. ಮೆಡೋಕ್‌ನ ಜಲ್ಲಿಯಲ್ಲಿ ಕಾಬರ್ನೆ ಚೆನ್ನ, ನದಿಯಾಚೆ ಸ್ಯಾಂತ್ ಎಮಿಲಿಯೋಂ ಕಡೆಯ ಸುಣ್ಣಕಲ್ಲು, ಜೇಡಿಮಣ್ಣಿನಲ್ಲಿ ಮೆರ್ಲೋ ಚೆನ್ನ. ಆ ಊರಲ್ಲಿ ಸುಣ್ಣಕಲ್ಲನ್ನೇ ಕೊರೆದು ಮಾಡಿದ ಇಡೀ ಇಗರ್ಜಿ ಇದೆ. ನಮ್ಮನೆಯವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ವಿಜಯಪುರ ಮಣೂಕ

ತೋಟಿಗರೇ, ನಮಸ್ಕಾರ ರೀ. ನಾವು ಮಣೂಕ (ಒಣದ್ರಾಕ್ಷಿ) ಮಾಡುವವರು. ನೀರಾವರಿ ಇಲ್ಲ ಅಂದಾಗಲೇ ನನಗ ಅನಿಸಿತು, ನಮ್ಮ ಕಡೆ ಡ್ರಿಪ್ ಇಲ್ಲದೆ ಒಂದು ಬಳ್ಳಿ ಉಳಿಯೋದಿಲ್ಲ. ಅವರಿಗೆ ಚಳಿಗಾಲದಾಗ ಬಳ್ಳಿ ತಾನೇ ಮಲಗುತ್ತದೆ, ವರ್ಷಕ್ಕೆ ಒಂದು ಚಾಟ್ನಿ (ಬಳ್ಳಿ ಕತ್ತರಿಸೋದು) ಸಾಕು. ನಮಗೆ ಏಪ್ರಿಲ್ ಚಾಟ್ನಿ ಬೇರೆ, ಅಕ್ಟೋಬರ್ ಚಾಟ್ನಿ ಬೇರೆ. ಎರಡು ಸಲ ಕತ್ತರಿಸಿ ಒಂದೇ ಬೆಳೆ. ಅಕ್ಟೋಬರ್‌ನಾಗ ಮಳೆ ಹಿಡಿದರ ಡೌನಿ ಬಂದೇ ಬರುತ್ತದೆ, ಆಗ ನಾವೂ ಬೋರ್ಡೋ ಕಲಸುತ್ತೇವೆ. ಅದರ ಕಥೆ ಇಂದೇ ತಿಳಿಯಿತು.

ಉತ್ತರ ಕರ್ನಾಟಕದವರಿಗೆ ಒಂದು ಸಲಹೆ. ಪಂಢರಪುರಕ್ಕೆ ಹೋದಾಗ ಅಲ್ಲಿಂದ ಅಕಲೂಜ್ ದೂರ ಇಲ್ಲ. ಇಟಲಿಯವರು, ನಮ್ಮವರು ಕೂಡಿ ಕಟ್ಟಿದ ಫ್ರಾಟೆಲ್ಲಿ ವೈನರಿ ಆ ಕಡೆ ಇದೆ. ನಾನು ನೋಡಿದ್ದು ಫೆಬ್ರವರಿಯಲ್ಲಿ. ವಿಠ್ಠಲನ ದರ್ಶನ ಮುಗಿಸಿ ತಂದೆ ತಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ನಮ್ಮ ತಂದೆ ಬೇರುಕಾಂಡದ (ಕಸಿ ಕಟ್ಟುವ ಬುಡದ ಗಿಡ) ಬಗ್ಗೆ ಒಂದು ತಾಸು ಮಾತಾಡಿದರು.

ಕೊಪ್ಪ ಕೃಷಿಕ

ಒಂದು ಭಿನ್ನಾಭಿಪ್ರಾಯ. ಬೋರ್ಡೋ ದ್ರಾವಣವನ್ನು ಇಷ್ಟು ಭಕ್ತಿಯಿಂದ ನೋಡಬೇಕಾ ಮಾರಾಯ್ರೇ? ತಾಮ್ರ ಮಣ್ಣಿಂದ ಹೋಗುವುದಿಲ್ಲ, ಎರೆಹುಳುವಿಗೆ ತೊಂದರೆ. ಯುರೋಪಿನಲ್ಲೇ ಮಿತಿ ಹಾಕಿದ್ದಾರೆ. ಇನ್ನೊಂದು, ಅವರು ತೋಟ ತೋರಿಸಿ ದುಡ್ಡು ಮಾಡುತ್ತಾರೆ ಅಂತ ನಾವೂ ಅಡಿಕೆ ತೋಟಕ್ಕೆ ಟಿಕೆಟ್ ಇಟ್ಟು ಕೂತರೆ ಹೊಟ್ಟೆ ತುಂಬುತ್ತದಾ?

ಶಿರಸಿ ತೋಟಿಗ

ತಾಮ್ರದ ಮಾತು ಪೂರ್ತಿ ಒಪ್ಪುತ್ತೇನೆ. ಶೆಡ್ಡಿನಲ್ಲಿ ನಾವು ಮಾತಾಡಿದ್ದೂ ಅದನ್ನೇ. ಯುರೋಪಿನಲ್ಲಿ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ, ಅದರ ಮೇಲೆ ಹೊಡೆಯುವಂತಿಲ್ಲ. ಒಂದು ಕೆಜಿ ಮೈಲುತುತ್ತದಲ್ಲಿ ಕಾಲು ಕೆಜಿ ತಾಮ್ರ ಇರುತ್ತದೆ. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ವರ್ಷಕ್ಕೆ ಸುಮಾರು ಆರೂವರೆ ಕೆಜಿ ಮೈಲುತುತ್ತ. ನಿಮ್ಮ ನಿಮ್ಮ ತೋಟಕ್ಕೆ ಎಷ್ಟು ಹೋಗುತ್ತದೆ ನೋಡಿಕೊಳ್ಳಿ. ನಾನು ಊರಿಗೆ ಬಂದ ಮೇಲೆ ಹಳೇ ಲೆಕ್ಕದ ಪುಸ್ತಕ ತೆಗೆದು ಕೂಡಿಸಿದೆ. ಮಳೆ ಜೋರಾದ ವರ್ಷ ಮೂರು ಸಲ ಹೊಡೆಸಿದ್ದೆ, ಮಿತಿ ಎಲ್ಲೋ ದಾಟಿ ಹೋಗಿತ್ತು. ಮಣ್ಣು ಪರೀಕ್ಷೆಗೆ ಕಳಿಸಿದ್ದೇನೆ.

ಎರಡನೆಯದು ನಿಜಕ್ಕೂ ಯೋಚಿಸುವ ಮಾತು. ಹೊರಗಿನಿಂದ ನೋಡಿದರೆ ಬೋರ್ಡೋ ಅಂದರೆ ಸಿರಿವಂತಿಕೆ. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಅಂತ ದಲ್ಲಾಳಿಗಳು ಮಾರುಕಟ್ಟೆ ದರ ನೋಡಿ ಬೋರ್ಡೋ ವೈನುಗಳ ಒಂದು ಪಟ್ಟಿ ಮಾಡಿದರು. ಐದು ದರ್ಜೆ. ಆ ಪಟ್ಟಿ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ, 1973ರಲ್ಲಿ ಮೂತೋನ್ ಎಂಬ ಶಾತೋ ಒಂದನ್ನು ಮೊದಲ ದರ್ಜೆಗೆ ಏರಿಸಿದ್ದು ಬಿಟ್ಟರೆ. ಪಟ್ಟಿಯಲ್ಲಿ ಈಗ 61 ಕೆಂಪು ವೈನಿನ ಶಾತೋ. ಉಳಿದ ಸಾವಿರಾರು ಬೆಳೆಗಾರರ ಗತಿ? ಫ್ರಾನ್ಸಿನವರೇ ಕೆಂಪು ವೈನ್ ಕುಡಿಯುವುದು ಕಡಿಮೆ ಮಾಡಿದ್ದಾರೆ. ದರ ಬಿದ್ದಿದೆ. 2023ರಲ್ಲಿ ಬೋರ್ಡೋದಲ್ಲಿ ಸುಮಾರು 9,500 ಹೆಕ್ಟೇರ್ ದ್ರಾಕ್ಷಿ ಕಿತ್ತು ಹಾಕುವ ಯೋಜನೆ ಬಂತು, ಹೆಕ್ಟೇರಿಗೆ 6,000 ಯೂರೋ ಪರಿಹಾರ.

ರೈಲಿನಿಂದ ಅಂಥ ಒಂದು ಹೊಲ ಕಂಡಿತು. ಬುಡ ಸಮೇತ ಕಿತ್ತ ಬಳ್ಳಿಗಳನ್ನು ಗುಡ್ಡೆ ಹಾಕಿದ್ದರು. ಒಂದೊಂದು ಬುಡ ತೋಳಿನಷ್ಟು ದಪ್ಪ, ಮೂವತ್ತು ನಲವತ್ತು ವರ್ಷದ್ದಿರಬೇಕು. ಹಳದಿ ರೋಗ ಬಂದ ಅಡಿಕೆ ತೋಟ ಕಡಿಸಿದವರ ಮುಖ ನೆನಪಾಯಿತು. ಆ ಹೊತ್ತು ನನಗೆ ಯಾರ ಹತ್ತಿರವೂ ಮಾತಾಡಲು ಆಗಲಿಲ್ಲ.

ಹಾಗಾಗಿ ಟಿಕೆಟ್ ಇಟ್ಟರೆ ಬೆಳೆ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಾವು ಹೋದ ಆ ಸಣ್ಣ ತೋಟದವರು ಮನೆ ಬಾಗಿಲಲ್ಲೇ ಬಾಟಲಿ ಮಾರುತ್ತಾರೆ. ಬಂದವರು ತೋಟ ನೋಡಿ, ನೆರಳಲ್ಲಿ ಕೂತು, ಆರು ಬಾಟಲಿ ಒಯ್ಯುತ್ತಾರೆ. ವ್ಯಾಪಾರಿಗೆ ಕೊಡುವ ದರಕ್ಕಿಂತ ಅದು ಎಷ್ಟೋ ಮೇಲು ಅಂದರು. ದಯವಿಟ್ಟು ಹೋದವರು ರುಚಿ ನೋಡಿ ಬರಿಗೈಲಿ ಬರಬೇಡಿ. ಒಂದಾದರೂ ಬಾಟಲಿ ತೆಗೆದುಕೊಳ್ಳಿ.

ದೊಡ್ಡಬಳ್ಳಾಪುರ ದ್ರಾಕ್ಷಿ

ಕಿತ್ತ ಬಳ್ಳಿಯ ಮಾತು ಓದಿ ಸಂಕಟ ಆಯ್ತು. ನಮ್ಮ ಕಡೆ ಚಪ್ಪರ ಕಿತ್ತು ಲೇಔಟ್ ಆದ ಜಮೀನು ಕಣ್ಣ ಮುಂದೇ ಇದೆ. ಬೆಂಗಳೂರು ಬ್ಲೂಗೆ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿದೆ, ಆದರೆ ಏರ್‌ಪೋರ್ಟ್ ಹತ್ತಿರದ ಜಮೀನಿಗೆ ಸಿಗುವ ದುಡ್ಡು ಅದಕ್ಕೆ ಸಿಗೋದಿಲ್ಲ.

ಬೆನ್ನಿಗೊಂದು ಚೀಲ

ಪ್ಲ್ಯಾನ್ ಬದಲಾಯಿಸಿದೆ. ಸೆಪ್ಟೆಂಬರ್ ಬಿಟ್ಟು ಜೂನ್‌ಗೆ ಇಟ್ಟುಕೊಂಡೆ, ದಿನಕ್ಕೆ ಎರಡೇ ವೈನರಿ, ಒಂದು ಸಣ್ಣದು ಒಂದು ದೊಡ್ಡದು. ಬೋರ್ಡೋ ಪಟ್ಟಣದಲ್ಲಿ ನೋಡುವಂಥದ್ದು ಏನಾದರೂ ಇದೆಯಾ?

ತುಲೂಸ್ ಕನ್ನಡತಿ

ಸಿತೆ ದ್ಯು ವ್ಯಾಂ ಅಂತ ವೈನ್ ಮ್ಯೂಸಿಯಂ ಇದೆ, 2016ರಲ್ಲಿ ಶುರುವಾದದ್ದು. ಟ್ರಾಮ್ ಬಾಗಿಲಿಗೇ ಹೋಗುತ್ತೆ. ಟಿಕೆಟ್ಟಲ್ಲೇ ಮೇಲಿನ ಮಹಡಿಯಲ್ಲಿ ಒಂದು ಗ್ಲಾಸ್ ಸೇರಿದೆ, ಕುಡಿಯದವರಿಗೆ ಜ್ಯೂಸ್. ಅಲ್ಲಿಂದ ಗರೋನ್ ನದಿ ಇಡೀ ಕಾಣುತ್ತೆ. ಮಕ್ಕಳಿದ್ದರೆ ಸಂಜೆ ನೀರಿನ ಕನ್ನಡಿ ಹತ್ತಿರ ಹೋಗಿ, ಕಾಲು ಮುಳುಗದಷ್ಟು ನೀರು, ಎದುರಿನ ಕಟ್ಟಡ ಪೂರ್ತಿ ಅದರಲ್ಲಿ ಬೀಳುತ್ತೆ. ಅಮ್ಮ ಚಪ್ಪಲಿ ಕೈಲಿ ಹಿಡಿದು ಅರ್ಧ ಗಂಟೆ ಓಡಾಡಿದರು.

ಸೋಂದಾ ಗೃಹಿಣಿ

ಸಾಲಿನ ತುದಿಗೆ ಗುಲಾಬಿ ಗಿಡ ಇರ್ತದೆ ಅಂತ ಎಲ್ಲೋ ಫೋಟೋದಲ್ಲಿ ನೋಡಿದ್ದೆ. ಅದು ಬರೀ ಚಂದಕ್ಕಾ?

ಶಿರಸಿ ತೋಟಿಗ

ಈಗ ಚಂದಕ್ಕೆ, ಹಿಂದೆ ಕಾವಲಿಗೆ. ಬೂದಿ ರೋಗ ದ್ರಾಕ್ಷಿಗಿಂತ ಮೊದಲು ಗುಲಾಬಿಯಲ್ಲಿ ಕಾಣುತ್ತಿತ್ತು, ಅದನ್ನು ನೋಡಿ ಮದ್ದಿಗೆ ಸಿದ್ಧವಾಗುತ್ತಿದ್ದರು ಅಂತ ಹೇಳುತ್ತಾರೆ. ನಾವು ಹೋದಾಗ ಕೆಂಪು ಗುಲಾಬಿ ಸಾಲು ಸಾಲಿಗೂ ಅರಳಿತ್ತು.

ಉಳಿದ ಪ್ರಶ್ನೆಗಳಿಗೆ ನಾಳೆ ರಾತ್ರಿ ಉತ್ತರಿಸುತ್ತೇನೆ. ಎರಡು ದಿನದಿಂದ ಹೊಡೆದ ಮಳೆ ಈಗ ಸ್ವಲ್ಪ ಹೊಳವಾಗಿದೆ. ಬೆಳಿಗ್ಗೆ ಕೊನೆಗೌಡರು ಬರುತ್ತಾರೆ, ಸುಣ್ಣ ಇವತ್ತೇ ಅರಳಿಸಿ ಇಡಬೇಕು.